ಹನಿ ಅಂದರೆ ಹನಿ

ನಮ್ಮ ಬಾಜೂ ಮನೆಯ ಮಡಿವಾಳೆಪ್ಪ ಹುಬ್ಬಳ್ಳಿಯ ರೈಲ್ವೆ ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವನು. ಎಪ್ಪತ್ತಾರನೆಯ ಇಸವಿಯಲ್ಲಿ ರಿಟೈರಾಗಿ ಕುಂದಗೋಳಕ್ಕೆ ಮರಳಿದಾಗ ಅವನು ತಂದದ್ದು ಒಂದು ಟ್ರಂಕು, ಪೊರೆ ಬಂದ ಕಣ್ಣು ಮತ್ತು ಮೊಳದುದ್ದದ ಒಂದು ಹಿತ್ತಾಳೆಯ ಎಂಜಿನ್ನು. ಶೆಡ್ಡಿನ ಗೆಳೆಯರು ಬೀಳ್ಕೊಡುಗೆಗೆಂದು ತಾವೇ ಮಾಡಿಕೊಟ್ಟದ್ದು ಅದು. ಗಾಲಿ ಕಡೆದವನು ಅವನ ಜೀವದ ಗೆಳೆಯ ಅಬ್ದುಲ್‌ಸಾಬ. ಹೊಟ್ಟೆಯೊಳಗೆ ಹಳೆಯ ಗ್ರಾಮೋಫೋನಿನ ಸ್ಪ್ರಿಂಗು. ಚಾವಿ ಕೊಟ್ಟರೆ ಪಡಸಾಲೆಯಲ್ಲಿ ಹಾಸಿದ ದುಂಡನೆಯ ಹಳಿಯ ಮೇಲೆ ಗರಗರ ಸುತ್ತುತ್ತಿತ್ತು.

ಸೋಮವಾರ ಮುಂಜಾನೆ ಬಂತೆಂದರೆ ಅದರ ಸೇವೆ. ಹಳೆಯ ಧೋತರ ಹಾಸಿ, ಸ್ಕ್ರೂ ಬಿಚ್ಚಿ, ಧೂಳು ಒರೆಸಿ, ಹೊಲಿಗೆ ಮಷಿನ್ನಿನ ಎಣ್ಣೆಯಲ್ಲಿ ದಬ್ಬಣದ ತುದಿ ಅದ್ದಿ, ಅಚ್ಚಿಗೊಂದು ಹನಿ, ಹಲ್ಲುಗಾಲಿಗೊಂದು ಹನಿ. ನಾನು ಸಾಲಿಗೆ ಹೊರಡುವ ಮೊದಲು ಗೋಡೆಯಾಚೆ ನಿಂತು ಚಹಾ ಕುಡಿಯುತ್ತ ನೋಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಸಿಟ್ಟು ಬರುತ್ತಿತ್ತು. ಒಗ್ಗರಣೆಗೆ ಎಣ್ಣೆ ಸಿಗದ ದಿನಗಳಲ್ಲಿ ಆಟಿಗೆಗೆ ಎಣ್ಣೆ.

“ಹೆಚ್ಚಾತಂದ್ರ ಗಾಲಿಗೆ ಇಳದು ಹಳಿ ಮ್ಯಾಲ ಜಾರತೈತ್ರಿ ಮಾಸ್ತರ,” ಎನ್ನುತ್ತಿದ್ದ, ನಾನು ಕೇಳದಿದ್ದರೂ. “ಹನಿ ಅಂದ್ರ ಹನಿ.”

ಎಂಜಿನ್ನಿಗೆ ಇಷ್ಟು ಉಪಚಾರ ಮಾಡುವ ಮನುಷ್ಯ ಹೆಂಡತಿಗೆ ಚಹಾ ಚಲೋ ಆಗಿದೆ ಎಂದದ್ದನ್ನು ನಾನಂತೂ ಕೇಳಿಲ್ಲ. ಮಹಾದೇವಕ್ಕ ಕಸ ಹೊಡೆಯುತ್ತ ಹತ್ತಿರ ಬಂದರೆ ಸಾಕು, “ಮುಟ್ಟಬ್ಯಾಡ” ಎಂದು ಹರಿಹಾಯುತ್ತಿದ್ದ. ಅವಳು ಕಸಬರಿಗೆ ಎತ್ತಿಕೊಂಡು ಬಳಸಿ ಹೋಗುತ್ತಿದ್ದಳು.

ಅವನ ನೌಕರಿಯ ವರ್ಷಗಳಲ್ಲಿ ಅತ್ತೆಯನ್ನೂ ಹೊಲವನ್ನೂ ನೋಡಿಕೊಳ್ಳಲು ಅವಳು ಊರಲ್ಲೇ ಉಳಿದವಳು. ಅವನು ಸೂಟಿ ಸಿಕ್ಕಾಗ ಬಂದು ಹೋಗುತ್ತಿದ್ದ. ಹಬ್ಬ ಬಂದರೆ ಮಂದಿಗೆ ರಜೆ, ರೈಲಿಗೆ ದುಪ್ಪಟ್ಟು ಕೆಲಸ. ಹೀಗಾಗಿ ಅವನು ದೀಪಾವಳಿಗೆ ಊರಿಗೆ ಬಂದದ್ದು ನನ್ನ ನೆನಪಿನಲ್ಲಿಲ್ಲ. ಆ ವರ್ಷ ದಸರಾ ಮುಗಿದಾಗಿನಿಂದ ಮಹಾದೇವಕ್ಕ ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು: “ಈ ಸಲ ನಮ್ಮನಿಯವ್ರು ಹಬ್ಬಕ್ಕ ಇರ್ತಾರ.”

ಆದರೆ ಪೊರೆ ತೆಗೆಸುವ ಸರದಿ ಹಬ್ಬದ ಹಿಂದಿನ ವಾರವೇ ಬಂತು. ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ಯಲು ಅಬ್ದುಲ್‌ಸಾಬ ಬಂದ. ಮಡಿವಾಳೆಪ್ಪ ಒಳಗೆ ಅಂಗಿ ಬದಲಿಸುವಾಗ ಪಡಸಾಲೆಯಲ್ಲಿ ಅಬ್ದುಲ್‌ಸಾಬ ಒಬ್ಬನೇ ಎಂಜಿನ್ನಿಗೆ ಚಾವಿ ಕೊಟ್ಟು ಓಡಿಸಿ, ಮತ್ತೆ ಗೋಡೆಯ ಮಾಡದಲ್ಲಿಟ್ಟ. ದವಾಖಾನೆಯಲ್ಲಿ ಗೆಳೆಯನ ಮಂಚದ ಬದಿಯಲ್ಲೇ ಮಲಗಿ ಹಬ್ಬ ಕಳೆದವನೂ ಅವನೇ. ಮಹಾದೇವಕ್ಕ ಇಲ್ಲಿ ಮೈದುನನ ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ಎರೆದು ಹಬ್ಬ ಮಾಡಿದಳು.

ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಮರಳಿದವನು ನೀರು ಕೇಳುವ ಮೊದಲು ಎಂಜಿನ್ನು ಕೇಳಿದ. ಚಾವಿ ಕೊಟ್ಟ. ಓಡಲಿಲ್ಲ. ಕಿವಿಗೆ ಹಿಡಿದು ಅಲುಗಾಡಿಸಿದ. ಮೌನ.

“ಇದಕ್ಕ ಕಡೀಗೆ ಕೈ ಹಾಕಿದವ ಅಬ್ದುಲ್,” ಎಂದ ನನ್ನೆದುರು. “ಹೊರಡೂ ಗಡಿಬಿಡ್ಯಾಗ ಚಾವಿ ಜಗ್ಗಿ ಸ್ಪ್ರಿಂಗ್ ಹರದಾನ. ಹರದದ್ದಕ್ಕ ಸಿಟ್ಟಿಲ್ಲ ಮಾಸ್ತರ. ಅಷ್ಟು ದಿನ ಬಾಜೂಕ ಇದ್ದು ಒಂದ ಮಾತ ಹೇಳಲಿಲ್ಲ.”

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಆಮೇಲೆ ಮತ್ತೆ ಶುರುವಾಯಿತು.

ರವಿವಾರ ನನ್ನನ್ನು ಕರೆಸಿದ. ತಲೆ ಬಗ್ಗಿಸಬಾರದೆಂದು ಡಾಕ್ಟರು ಹೇಳಿದ್ದರಿಂದ ಸ್ಕ್ರೂ ಬಿಚ್ಚಲು ನಾನು ಬೇಕಾಗಿದ್ದೆ. ನಾನು ಧೋತರ ಹಾಸುವಷ್ಟರಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಅಬ್ದುಲ್‌ಸಾಬ ಬಂದ. ಮಡಿವಾಳೆಪ್ಪ “ಬಾ” ಎನ್ನಲಿಲ್ಲ.

“ಕೂಡಿ ಕೆಲಸ ಮಾಡಿದವ್ರು ನಾವು. ಮುರದ್ರ ಮುರದೀನಿ ಅನ್ನಬೇಕಿತ್ತು. ಇನ್ನ ಈ ಮನಿಗೆ ನೀ ಬರೂದು ಬ್ಯಾಡ.”

ಅಬ್ದುಲ್‌ಸಾಬನಿಗೆ ಮೊದಲು ಅರ್ಥವಾಗಲಿಲ್ಲ. ಧೋತರದ ಮೇಲೆ ಬಿಚ್ಚಲು ಇಟ್ಟ ಎಂಜಿನ್ನು ನೋಡಿದ ಮೇಲೆ ಆಯಿತು. “ನಾ ಇಟ್ಟಾಗ ಓಡತಿತ್ತಲೇ,” ಎಂದ ಮೆಲ್ಲಗೆ. ಚೀಲ ಕೆಳಗಿಟ್ಟು ಚಪ್ಪಲಿಯತ್ತ ತಿರುಗಿದ.

“ಅಣ್ಣಾರ, ನಿಂದರ್ರಿ.” ಮಹಾದೇವಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. “ಅವ್ರನ್ನ ಯಾಕ ಅಂತೀರಿ? ನಾ ಹಚ್ಚೀನಿ.”

“ಏನ ಹಚ್ಚಿದಿ?”

“ಎಣ್ಣಿ.”

“ಯಾವ ಎಣ್ಣಿ?”

“ಹಬ್ಬದ್ದು. ಕುಸುಬಿ ಎಣ್ಣಿ, ಅರಿಷಿಣ ಹಾಕಿ ಕಾಸಿದ್ದು.”

ಅಷ್ಟರಲ್ಲಿ ನಾನು ಮೇಲಿನ ಕವಚ ತೆಗೆದಿದ್ದೆ. ಸ್ಪ್ರಿಂಗು ಗಟ್ಟಿಯಾಗಿಯೇ ಇತ್ತು. ಹಲ್ಲುಗಾಲಿಗಳ ಸಂದಿಯಲ್ಲೆಲ್ಲ ಹಳದಿ ಅಂಟು, ಗೋಂದಿನ ಹಾಗೆ. ಕುಸುಬಿ ಎಣ್ಣೆ ಗಾಳಿಗೆ ಬಿಟ್ಟರೆ ಬಿಗಿಯುತ್ತದೆ ಎಂಬುದು ಮೊದಲ ಬಾರಿ ನನ್ನ ಕಣ್ಣಿಗೆ ಬಿತ್ತು. ಮಡಿವಾಳೆಪ್ಪ ಕೈ ಚಾಚಿ ಬೆರಳಿಗೆ ಅಂಟಿಸಿಕೊಂಡು ಮೂಸಿದ.

“ಮುಟ್ಟಬ್ಯಾಡ ಅಂದಿದ್ನೆಲ್ಲ,” ಎಂದ. “ಯಾಕ ಹಚ್ಚಿದಿ?”

“ವರ್ಷಾ ವರ್ಷಾ ಹಬ್ಬದ ದಿನ ನಿಮ್ಮ ಹೆಸರಲೆ ಒಂದ ಬಟ್ಟಲಾ ಎಣ್ಣಿ ತಗದ ಇಡತಿದ್ದೆ. ನೀವು ಬರತಿದ್ದಿಲ್ಲ. ಸಂಜೀಕ ದೀಪಕ್ಕ ಸುರೀತಿದ್ದೆ.” ಅವಳು ಸೆರಗಿಗೆ ಹಿಟ್ಟು ಒರೆಸಿಕೊಂಡಳು. “ಈ ವರ್ಷ ಸುರಿಯಾಕ ಮನಸ ಬರಲಿಲ್ಲ. ನಿಮ್ಮದು ಅನ್ನೂದು ಮನ್ಯಾಗ ಅದೊಂದ ಇತ್ತು. ಅದಕ್ಕ ಹಚ್ಚಿದೆ.”

ಗೋಡೆಯಾಚೆ ನಿಂತು ಇಷ್ಟು ದಿನ ನಾನು ಲೆಕ್ಕ ಹಾಕಿದ್ದು ಬರೇ ಎಣ್ಣೆಯದು.

ಮಡಿವಾಳೆಪ್ಪನ ತುಟಿ ಅದುರುತ್ತಿತ್ತು. ಅಬ್ದುಲ್‌ಸಾಬ ಚಪ್ಪಲಿ ಬಿಟ್ಟು ಮರಳಿ ಬಂದು ಅವನ ಪಕ್ಕ ಕೂತ. “ಲೇ, ಅಳಬ್ಯಾಡ. ಪಟ್ಟಿ ಹಸಿ ಆದ್ರ ಡಾಕ್ಟರು ನನಗ ಬೈತಾರ.”

“ತಪ್ಪಾತು ಅಬ್ದುಲ್,” ಎಂದ ಮಡಿವಾಳೆಪ್ಪ.

“ಆತು ಬಿಡು. ಚಿಮಣಿ ಎಣ್ಣಿ ತರಿಸು.”

ಬೋಗುಣಿಯಲ್ಲಿ ಕಂದೀಲಿನ ಚಿಮಣಿ ಎಣ್ಣೆ ಹಾಕಿ ಹಲ್ಲುಗಾಲಿಗಳನ್ನು ನೆನೆಸಿದೆವು. ಅಂಟು ಕರಗಿತು. ಅಬ್ದುಲ್‌ಸಾಬ ಒಂದೊಂದನ್ನೇ ಬಟ್ಟೆಯಿಂದ ಒರೆಸಿ ಜೋಡಿಸಿದ. ಎಣ್ಣೆ ಹಾಕುವ ಹೊತ್ತಿಗೆ ನಾನು ದಬ್ಬಣ ಎತ್ತಿಕೊಂಡೆ. ಮಡಿವಾಳೆಪ್ಪ ತಡೆದ.

“ಮಾಸ್ತರ, ಅದನ್ನ ಆಕೀ ಕೈಯಾಗ ಕೊಡ್ರಿ.”

ಅವಳು ಕೈ ತೊಳೆದು ಬಂದು ಕೂತಳು. ಎಲ್ಲೆಲ್ಲಿ ಎಂದು ಅವನು ಹೇಳುತ್ತ ಹೋದ, ನೋಡದೆಯೇ. ಅವಳು ಉಸಿರು ಬಿಗಿಹಿಡಿದು ಹನಿ ಹನಿಯಾಗಿ ಹಾಕಿದಳು. ಅಬ್ದುಲ್‌ಸಾಬ ಚಾವಿ ಕೊಟ್ಟ. ಎಂಜಿನ್ನು ಒಮ್ಮೆ ತಡವರಿಸಿ, ಗರಗರ ಓಡತೊಡಗಿತು. ಮಡಿವಾಳೆಪ್ಪ ಅದು ತಾನಾಗಿ ನಿಲ್ಲುವವರೆಗೂ ಸದ್ದು ಕೇಳುತ್ತ ಕೂತ.

“ಆ ಎಣ್ಣಿ ಇನ್ನೂ ಉಳದೈತೇನು?” ಎಂದು ಕೇಳಿದ.

“ಐತ್ರಿ.”

“ತಲಿಗೆ ನೀರು ಬ್ಯಾಡ ಅಂದಾರ ಡಾಕ್ಟರು. ಅಂಗಾಲಿಗೆ ಎಣ್ಣಿ ಹಚ್ಚಿದ್ರ ಕಣ್ಣಿಗೆ ತಂಪು ಅಂತಾರಲ್ಲ.” ಅವನು ಎರಡೂ ಕಾಲು ಮುಂದೆ ಚಾಚಿದ.

ಮಹಾದೇವಕ್ಕ ಬಟ್ಟಲು ತಂದಳು. ಈಗಷ್ಟೇ ಕಲಿತ ಹೆದರಿಕೆಯಿಂದ ಬೆರಳ ತುದಿ ಮಾತ್ರ ಅದ್ದಿ ಅವನ ಅಂಗಾಲಿಗೆ ಮುಟ್ಟಿಸಿದಳು. ನಾನೂ ಅಬ್ದುಲ್‌ಸಾಬನೂ ಎದ್ದು ಹೊರಬಿದ್ದೆವು. ಹೊಸ್ತಿಲು ದಾಟುವಾಗ ಹಿಂದಿನಿಂದ ಅವನ ಮಾತು ಕೇಳಿಸಿತು.

“ಹನಿ ಸಾಲೂದಿಲ್ಲಬೇ. ಅಂಗೈ ತುಂಬ ಹಾಕು.”