ಬೇಲಿಯಾಚೆಗೆ ಹೋದ ಹರಿವಾಣ

ನಾನು ತಾಮ್ರದ ಒಂದು ಹರಿವಾಣ. ಮೊಳಕ್ಕಿಂತ ತುಸು ಹೆಚ್ಚು ಅಗಲ, ನೀರು ನಿಲ್ಲುವಷ್ಟು ಎತ್ತರದ ಅಂಚು. ಕಂಚುಗಾರ ಮಾನಪ್ಪ ನನ್ನನ್ನು ಕೆಂಪಗೆ ಕಾಯಿಸಿ ಬಡಿದ, ತಣಿಸಿದ, ಮತ್ತೆ ಕಾಯಿಸಿ ಬಡಿದ. ಹುಟ್ಟಿನ ನೆನಪೆಂದರೆ ನನಗೆ ಸುತ್ತಿಗೆಯ ಸದ್ದೇ. ಕೊನೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಬಿಸಿಲಿಗೆ ಹಿಡಿದಾಗ ನನ್ನೊಳಗೆ ಅವನ ಬೆವತ ಮುಖ ಕಾಣಿಸಿತು. ನಾನು ಕಂಡ ಮೊದಲ ಮುಖ ಅದು. ಆಮೇಲೆ ನಾನು ಕಂಡದ್ದು ಹೆಚ್ಚಾಗಿ ಕಾಲುಗಳನ್ನು.

ಹತ್ತಿ ವ್ಯಾಪಾರಿಯೊಬ್ಬ ನನ್ನನ್ನು ಬೆಣಚಮಟ್ಟಿಯ ಮಠಕ್ಕೆ ಕಾಣಿಕೆ ಕೊಟ್ಟ. ಮಠದ ಸ್ವಾಮಿಗಳನ್ನು ಊರವರು ಅಜ್ಜಾರು ಎನ್ನುತ್ತಿದ್ದರು. ಸೋಮವಾರದ ಪಾದಪೂಜೆಗೆ ಅವರ ಕಾಲು ನನ್ನೊಳಗೆ ಇಳಿಯುತ್ತಿತ್ತು. ಒಡೆದ ಹಿಮ್ಮಡಿಯ, ಒಕ್ಕಲಿಗನದೇ ಅನ್ನಿಸುವ ಕಾಲು. ತೊಳೆದ ನೀರನ್ನು ಭಕ್ತರು ಅಂಗೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವಳು ಮಹಾಂತವ್ವ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ವಾಂತಿಭೇದಿಯಲ್ಲಿ ತೀರಿಕೊಂಡಿದ್ದ. ತವರಿನಲ್ಲೂ ಜಾಗವಿಲ್ಲದೆ ಮಠದ ಅಡುಗೆಮನೆಗೆ ರೊಟ್ಟಿ ಬಡಿಯಲು ಬಂದಿದ್ದಳು. ಎಳೆಯ ವಯಸ್ಸು, ದೊಡ್ಡ ಕೈಗಳು. ಮುಂಜಾನೆ ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆ, ಪಕ್ಕದಲ್ಲಿ ಪಾತ್ರೆ ಬಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಮಠದ ಊಟದ ಹೊತ್ತಿಗೆ ಹುಣಸೆಮರದ ಕೆಳಗೆ ಬೇರೆಯೇ ಒಂದು ಸಾಲು ಕೂರುತ್ತಿತ್ತು. ದೊಡ್ಡ ರೋಗದವರು. ಕುಷ್ಠ ಎಂಬ ಮಾತನ್ನು ಆ ಸೀಮೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಅವರಿಗೆ ರೊಟ್ಟಿಯನ್ನು ದೂರದಿಂದ ಹಾಕುತ್ತಿದ್ದರು. ಒಂದು ಬೇಸಗೆಯಲ್ಲಿ ಅವರ ಗಾಯಗಳಲ್ಲಿ ಹುಳು ಬಿದ್ದವು. ಜಿಲ್ಲೆಯ ಡಾಕ್ಟರು ಬಂದು ಗುಳಿಗೆ ಕೊಟ್ಟು, ದಿನಾ ಉಪ್ಪುನೀರಿನಲ್ಲಿ ಗಾಯ ತೊಳೆದು ಕಟ್ಟುವವರು ಬೇಕು ಎಂದು ಹೇಳಿ ಹೋದರು. ಅಜ್ಜಾರು ಪಾದಪೂಜೆಯ ಹೊತ್ತಿಗೆ ಸೇರಿದ್ದ ಸಭೆಯಲ್ಲಿ ಕೇಳಿದರು. ಗಂಡಸರು ನೆಲ ನೋಡಿದರು. ಮಹಾಂತವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು, ತಾನು ಹೋಗುತ್ತೇನೆ ಎಂದಳು. ಹೋಗಲಿ, ಆದರೆ ಮಠದ ಒಂದು ಪಾತ್ರೆಯೂ ಅತ್ತ ಹೋಗಕೂಡದು ಎಂದು ಹಿರಿಯರು ತಕರಾರು ತೆಗೆದರು.

ಅಜ್ಜಾರು ಕಾಲನ್ನು ನನ್ನಿಂದ ಮೇಲೆತ್ತಿದರು.

"ಇದನ್ನ ಒಯ್ಯಿ, ಮಹಾಂತವ್ವ. ಇದು ಕಾಲು ತೊಳಿಯಾಕ ಮಾಡಿದ್ದು. ಅವರವೂ ಕಾಲೇ."

ನಾನು ಅಂದು ಮಠದ ಬೇಲಿ ದಾಟಿದೆ. ಊರಾಚೆ ಕಲ್ಲುಗುಡ್ಡದ ಬುಡದಲ್ಲಿ ಅವರಿಗಾಗಿ ಒಂದು ತಗಡಿನ ಕೊಟ್ಟಿಗೆ ಎದ್ದಿತು. ಅದಕ್ಕೆ ಬೇಕಾದ ಜೋಳ ಮಠದಿಂದ ಬರುತ್ತಿತ್ತು. ಅಲ್ಲಿ ನಾನು ಕಂಡ ಕಾಲುಗಳ ಮಾತು ಹೇಳುವುದು ಕಷ್ಟ. ಬೆರಳಿಲ್ಲದ ಕಾಲು, ಅಂಗಾಲಿನಲ್ಲಿ ನಿಂಬೆಹಣ್ಣು ಕೂರುವಷ್ಟು ತೂತು ಬಿದ್ದ ಕಾಲು. ಅವರಿಗೆ ನೋವು ತಿಳಿಯುತ್ತಿರಲಿಲ್ಲ. ಮಲಗಿದಾಗ ಇಲಿ ಕಚ್ಚಿದ್ದು ಬೆಳಕು ಹರಿದ ಮೇಲೆ ಗೊತ್ತಾಗುತ್ತಿತ್ತು. ಮಹಾಂತವ್ವ ಮೊದಮೊದಲು ಆಚೆ ಹೋಗಿ ವಾಂತಿ ಮಾಡಿ ಬರುತ್ತಿದ್ದಳು. ಬಂದು ಮತ್ತೆ ಕೂರುತ್ತಿದ್ದಳು. ಬೇವಿನ ಸೊಪ್ಪು ಕುದಿಸಿದ ನೀರು ಸುರಿದು, ಸತ್ತ ಚರ್ಮ ಹೆರೆದು, ಹಳೆ ಸೀರೆಯ ಪಟ್ಟಿ ಕಟ್ಟಿ, ಆ ಕಾಲನ್ನು ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಅವಳ ಮುಖ ನನ್ನ ನೀರಿನಲ್ಲಿ ಬೆಳಗುತ್ತಿದ್ದದ್ದು ನಿಜ.

ಯಾವಾಗ ಅದು ಆರಿತೋ ನನಗೆ ಗೊತ್ತಿಲ್ಲ. ಒಂದೇ ದಿನಕ್ಕೆ ಆದದ್ದಲ್ಲ. ವಾಸಿಯಾಗಿ ಮನೆಗೆ ಹೋದ ದ್ಯಾಮಣ್ಣನನ್ನು ಅವನ ಮಕ್ಕಳೇ ಕಲ್ಲು ಬೀರಿ ಓಡಿಸಿದರು. ಅವನು ಬಾವಿಗೆ ಬಿದ್ದ. ಎಳೆಗೂಸಿನ ತಾಯಿ ಶಿವಗಂಗವ್ವ ಕಣ್ಣು ಕಳೆದುಕೊಂಡಳು. ಮಹಾಂತವ್ವ ಕೈ ಕಣ್ಣಿಗೆ ಒತ್ತಿಕೊಳ್ಳುವುದನ್ನು ಬಿಟ್ಟಳು. ಲಿಂಗಪೂಜೆಗೆ ಕೂತರೆ ಈಗ ಹೊರಗಿನ ಸಣ್ಣ ಕೆಮ್ಮೂ ಕೇಳಿಸುತ್ತಿತ್ತು, ತಟ್ಟನೆ ಏಳುತ್ತಿದ್ದಳು.

ಅಜ್ಜಾರು ಮುಪ್ಪಾಗಿ, ಕೋಲು ಊರಿಕೊಂಡು ಒಮ್ಮೆ ಕೊಟ್ಟಿಗೆಗೆ ಬಂದರು. ಅವಳು ಆಗ ಫಕೀರಪ್ಪ ಎಂಬ ರೋಗಿಯ ಕಾಲು ತೊಳೆಯುತ್ತಿದ್ದಳು. ಎರಡು ಕೈಯ ಬೆರಳೂ ಹೋಗಿದ್ದ, ಮಾತು ಕಡಿಮೆಯ ಮನುಷ್ಯ ಅವನು. ಅವಳು ತಲೆ ಎತ್ತದೆ ಹೇಳಿದಳು:

"ಅಜ್ಜಾರ, ಅಂಗೈಯಾಗ ಇಟ್ಕೊಂಡ್ರ ಕಲ್ಲ ಅನಸ್ತೈತ್ರಿ. ಕರದ್ರ ಯಾರೂ ಓ ಅನ್ನಂಗಿಲ್ಲ. ಭಾಳ ವರ್ಷಾತು."

ಅಜ್ಜಾರು ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡರು.

"ಇವರನ್ನ ತೊಳಿಯೂದು ಬಿಟ್ಟೀಯೇನು?"

"ಇಲ್ರಿ."

"ಹಂಗಾರ ತೊಳಿ. ನೀರು ಆರತಾವು."

ಅಷ್ಟೇ ಹೇಳಿ ಅವರು ಎದ್ದುಹೋದರು. ಮಹಾಂತವ್ವನಿಗೆ ಅಂದು ಬಂದ ಸಿಟ್ಟು ಇಷ್ಟಿಷ್ಟಲ್ಲ. ಅವಳು ಒಂದು ಸಮಾಧಾನದ ಮಾತಿಗೆ ಕಾದಿದ್ದಳು. ನನ್ನನ್ನು ಕಲ್ಲಿನ ಮೇಲೆ ಕುಕ್ಕಿದಳು. ನನ್ನ ಅಂಚು ನೆಗ್ಗಿದ್ದು ಆಗಲೇ. ಆ ಮಳೆಗಾಲದಲ್ಲಿ ಅಜ್ಜಾರು ಲಿಂಗೈಕ್ಯರಾದರು. ಕೇಳಲು ಮತ್ತೆ ಯಾರೂ ಉಳಿಯಲಿಲ್ಲ.

ಕೊಟ್ಟಿಗೆಯಲ್ಲಿ ಹುಲಿಗೆವ್ವ ಎಂಬ ಹೆಂಗಸಿದ್ದಳು. ಕೂಲಿಯವರ ಮನೆಯವಳು, ಮೈನೆರೆಯುವ ಮೊದಲೇ ರೋಗ ಹತ್ತಿ ಮನೆ ಬಿಟ್ಟವಳು. ಅಂಗೈಯೇ ಸವೆದು ಮಣಿಕಟ್ಟಿನ ಮೊಂಡು ಉಳಿದಿತ್ತು. ಮಹಾಂತವ್ವ ಪೂಜೆಗೆ ಕೂತಾಗಲೆಲ್ಲ ಅವಳು ದೂರದಲ್ಲಿ ಕೂತು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ತನಗೂ ಒಂದು ಲಿಂಗ ಬೇಕು ಎಂಬುದು ಅವಳ ಒಂದೇ ಆಸೆ. ಮಹಾಂತವ್ವ ಹೊಸ ಸ್ವಾಮಿಗಳ ಹತ್ತಿರ ಹೋಗಿ ಕೇಳಿದಳು. ಅವರು ಕೆಟ್ಟವರಲ್ಲ, ವಯಸ್ಸು ಸಣ್ಣದು, ಹಿರಿಯರ ಅಂಜಿಕೆ ದೊಡ್ಡದು. ಅಂಗೈಯೇ ಇಲ್ಲದವಳು ಪೂಜೆ ಹೇಗೆ ಮಾಡುತ್ತಾಳೆ, ನೋಡೋಣ, ಯೋಚಿಸೋಣ ಎಂದರು. ಯೋಚನೆ ಮುಗಿಯಲಿಲ್ಲ.

ಹುಲಿಗೆವ್ವನ ಗಾಯದ ನಂಜು ಮೈಗೆಲ್ಲ ಏರಿತು. ಒಂದು ಮುಂಜಾನೆ ಮಹಾಂತವ್ವ ಅವಳ ಕಾಲನ್ನು ನನ್ನೊಳಗಿಟ್ಟು ನೀರು ಹಾಕುತ್ತಿದ್ದಾಗ ಅವಳು ಕೇಳಿದಳು:

"ಯವ್ವಾ, ದೇವರಿಗೆ ನನ್ನ ಮ್ಯಾಲೆ ಏನರ ಸಿಟ್ಟೈತೇನು?"

ಮಹಾಂತವ್ವನ ಕೈ ನಿಂತಿತು. ನೀರಿನಲ್ಲಿ ಅವಳ ಮುಖ ನಾನು ನೋಡಿದೆ. ಹೌದು ಎನ್ನಲೂ ಬಾರದು, ಇಲ್ಲ ಎನ್ನಲೂ ಬಾರದು. ಸಿಟ್ಟು ಮಾಡುವವನೇ ಇದ್ದಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಅವಳು ಕೈ ಒರೆಸಿಕೊಂಡು ಕೊರಳಿನಿಂದ ತನ್ನ ಲಿಂಗವನ್ನು ಬಿಚ್ಚಿದಳು. ಹುಟ್ಟಿದ ದಿನದಿಂದ ಮೈಬಿಡದ ಲಿಂಗ. ಅದು ದೇಹ ಬಿಟ್ಟರೆ ಪ್ರಾಣ ಬಿಟ್ಟಂತೆ ಎಂದು ಅವಳಿಗೆ ಕಲಿಸಿದ್ದರು. ಹುಲಿಗೆವ್ವನ ಎರಡು ಮೊಂಡುಗಳನ್ನು ಜೋಡಿಸಿ ನಡುವೆ ಅದನ್ನಿಟ್ಟು, ಬೀಳದಂತೆ ತನ್ನ ಎರಡು ಕೈಗಳಿಂದ ಸುತ್ತ ಹಿಡಿದುಕೊಂಡಳು.

"ಸಿಟ್ಟಿದ್ರ ನಿನ್ನ ಕಡೆ ಬರ್ತಿದ್ನೇನು?" ಎಂದಳು.

ಹುಲಿಗೆವ್ವ ಅದನ್ನೇ ನೋಡುತ್ತ ಮಧ್ಯಾಹ್ನದವರೆಗೆ ಜೀವ ಹಿಡಿದಿದ್ದಳು. ಅವಳ ಮುಖದಲ್ಲಿ ಕಂಡದ್ದನ್ನು ನಾನು ಹಿಂದೆ ಮಠದಲ್ಲಿ ಮಹಾಂತವ್ವನ ಮುಖದಲ್ಲಿ ಕಂಡಿದ್ದೆ. ಸತ್ತ ಮೇಲೆ ಲಿಂಗವನ್ನು ಅವಳ ಜೊತೆಗೇ ಮಣ್ಣು ಮಾಡಿದರು. ಅಷ್ಟು ಸುಳ್ಳು ಯಾಕೆ ಹೇಳಿದಿ ಎಂದು ಫಕೀರಪ್ಪ ಮೆಲ್ಲಗೆ ಕೇಳಿದ. ಮರುದಿನ ಮಹಾಂತವ್ವ ಅವನ ಪಟ್ಟಿ ಕಟ್ಟುವಾಗ, "ನನ್ನ ಕೈಯಾಗ ಕಲ್ಲಾಗಿತ್ತಪಾ. ಆಕಿ ಕೈಯಾಗ ಕಲ್ಲಾಗಿರಲಿಲ್ಲ" ಎಂದಳು.

ಸುದ್ದಿ ಊರಿಗೆ ಮುಟ್ಟಲು ತಡವಾಗಲಿಲ್ಲ. ಲಿಂಗವಿಲ್ಲದ ಕೊರಳಿನವಳ ಕೈಗೆ ಮಠದ ಜೋಳ ಹೇಗೆ ಕೊಡುವುದು ಎಂದು ಹಿರಿಯರು ಕೇಳಿದರು. ಪ್ರಾಯಶ್ಚಿತ್ತ ಮಾಡಿಕೊಂಡು ಹೊಸ ಲಿಂಗ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಬಂಡಿ ಬರುವುದಿಲ್ಲ ಎಂದು ಹೇಳಿಕಳಿಸಿದರು. ಅವಳು ಒಪ್ಪಲಿಲ್ಲ. ಜೀವನದಲ್ಲಿ ಮೊದಲ ಸಲ ಬಯಲಿನಲ್ಲಿ ನಿಂತ ಹಾಗೆ ಅನ್ನಿಸುತ್ತಿದೆ, ಇಲ್ಲದ್ದನ್ನು ಇದೆ ಎಂದು ಎದೆಗೆ ಕಟ್ಟಿಕೊಂಡು ತಿರುಗಲಾರೆ ಎಂದು ಫಕೀರಪ್ಪನಿಗೆ ಹೇಳಿದಳು. ಬಂಡಿ ನಿಂತಿತು. ಉಳಿದ ಹಿಟ್ಟು ಅಂಬಲಿಯಾಯಿತು, ಅಂಬಲಿ ತೆಳ್ಳಗಾಯಿತು. ನಡೆಯಬಲ್ಲವರು ಸಂತೆಗೆ ಭಿಕ್ಷೆಗೆ ಹೋಗಿ ಹೊಡೆಸಿಕೊಂಡು ಬಂದರು. ಕೊಟ್ಟಿಗೆಯ ಇಬ್ಬರು ಮುದುಕರು ಆ ದಿನಗಳಲ್ಲೇ ತೀರಿಕೊಂಡರು. ಹಸಿವೆಯಿಂದ ಎಂದು ಯಾರೂ ಹೇಳಲಿಲ್ಲ. ಯಾರೂ ಅವಳನ್ನು ಬೈಯಲೂ ಇಲ್ಲ, ಅದೇ ಅವಳಿಗೆ ತಡೆಯಲಾಗದ್ದು.

ಎರಡನೆಯ ಮುದುಕನನ್ನು ಮಣ್ಣು ಮಾಡಿ ಬಂದು, ಅವಳು ನನ್ನಲ್ಲಿ ಕೈ ತೊಳೆದಳು. ಮಣ್ಣು ಕರಗಿ ನೀರು ಕೆಂಪಾಯಿತು.

"ಫಕೀರಪ್ಪ, ಒಂದು ಕಲ್ಲು ಕಟ್ಟಿಕೊಂಡ್ರ ಇಷ್ಟು ಮಂದಿಗೆ ರೊಟ್ಟಿ ಸಿಗತೈತಿ ಅಂದ್ರ, ಕಟ್ಟಿಕೊಳ್ಳದಿರಾಕ ನಾ ಯಾವ ದೊಡ್ಡಾಕಿ?"

ಅವಳು ಮಠಕ್ಕೆ ಹೋಗಿ ತಲೆ ಬಾಗಿ, ಹೇಳಿದ್ದನ್ನೆಲ್ಲ ಮಾಡಿ, ಹೊಸ ಲಿಂಗ ಕಟ್ಟಿಕೊಂಡು ಬಂದಳು. ಹಿಂದೆಯೇ ಜೋಳದ ಬಂಡಿ ಬಂತು. ಅಂದಿನಿಂದ ಅವಳು ಯಾರು ನೋಡಲಿ ಬಿಡಲಿ, ಒಂದು ಮುಂಜಾನೆಯೂ ಪೂಜೆ ತಪ್ಪಿಸಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದಳು, ಅದನ್ನು ನೋಡುತ್ತಿದ್ದಳು, ಎದ್ದು ಬಂದು ನನಗೆ ನೀರು ಹಾಕುತ್ತಿದ್ದಳು. ಒಮ್ಮೊಮ್ಮೆ ಗಾಯ ಹೆರೆಯುತ್ತ, ತನಗೇ ಕೇಳುವಷ್ಟು ಮೆಲ್ಲಗೆ, "ಇದ್ರ ಒಂದ್ ಸಲ ಓ ಅನ್ನು" ಎನ್ನುತ್ತಿದ್ದಳು. ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಪಟ್ಟಿ ಹರಿಯುವ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ಕಪ್ಪಾಗಿದ್ದ ಅವಳ ಕೂದಲು ನನ್ನ ನೀರಿನಲ್ಲೇ ಬೆಳ್ಳಗಾಯಿತು. ಹೊಸ ಔಷಧಿ ಬಂದು ರೋಗ ಕಡಿಮೆಯಾಯಿತು, ಆದರೆ ಹಳಬರನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ಅವಳು ಅವರ ಜೊತೆಗೇ ಮುದುಕಿಯಾದಳು. ಒಂದು ಚಳಿಗಾಲ ಜ್ವರ ಬಂದು ಮಲಗಿದವಳು ಏಳಲಿಲ್ಲ. ಸಾಯುವ ಮೊದಲು ಅವಳಿಗೆ ಏನಾದರೂ ಕಂಡಿತೇ ಎಂದು ಹಲವರು ಫಕೀರಪ್ಪನನ್ನು ಕೇಳಿದರು. ಬಿಸಿನೀರು ಇಟ್ಟಿರೇನು ಎಂದು ಕೇಳಿದಳು, ಮತ್ತೆ ಮಾತಾಡಲಿಲ್ಲ ಎಂದು ಅವನು ಹೇಳಿದ.

ಮಠದವರು ಭಜನೆ ಮಾಡುತ್ತ ಮೆರವಣಿಗೆಯಲ್ಲಿ ಒಯ್ದರು. ಈಗ ತಾವೂ ನರೆತಿದ್ದ ಸ್ವಾಮಿಗಳು, ಇಂಥ ಅಚಲ ಭಕ್ತಿಯನ್ನು ತಾವು ಇನ್ನೊಬ್ಬರಲ್ಲಿ ಕಂಡಿಲ್ಲ, ಪ್ರತಿ ರೋಗಿಯಲ್ಲೂ ಆಕೆ ಶಿವನನ್ನು ಕಂಡಳು ಎಂದು ಕಣ್ಣೀರು ತಂದುಕೊಂಡು ಹೇಳಿದರು. ಕೊನೆಯಲ್ಲಿ ನಿಂತಿದ್ದ ಫಕೀರಪ್ಪ ಏನೂ ಹೇಳಲಿಲ್ಲ. ಬಾಯಿ ಬಿಟ್ಟರೆ ಜೋಳ ನಿಲ್ಲುತ್ತದೆ ಎಂದು ಸುಮ್ಮನಿದ್ದನೋ, ಹೇಳಿದರೆ ಯಾರಿಗೂ ತಿಳಿಯದು ಎಂದು ಸುಮ್ಮನಿದ್ದನೋ.

ಮರುದಿನ ಬೆಳಗಾಯಿತು. ತೊಳೆಯುವವರು ಯಾರೂ ಬರಲಿಲ್ಲ. ಬಿಸಿಲು ಏರಿತು. ಫಕೀರಪ್ಪ ಎದ್ದು ಬಂದು ತನ್ನ ಎರಡು ಮೊಂಡುಗಳ ನಡುವೆ ನನ್ನನ್ನು ಎತ್ತಲು ನೋಡಿದ. ನಾನು ಜಾರಿ ಬಿದ್ದೆ. ಮತ್ತೆ ಎತ್ತಿದ, ಮತ್ತೆ ಬಿದ್ದೆ. ಆಗ ಕುರುಡಿ ಶಿವಗಂಗವ್ವ ಸದ್ದು ಹಿಡಿದು ಬಂದು ಇನ್ನೊಂದು ಬದಿ ಹಿಡಿದಳು. ಇಬ್ಬರೂ ಸೇರಿ ನನ್ನನ್ನು ಒಲೆಯ ಹತ್ತಿರ ಒಯ್ದರು. ಒಲೆಯ ಮೇಲಿನ ನೀರನ್ನು ನನಗೆ ಸುರಿಯುವಾಗ ಅರ್ಧ ಚೆಲ್ಲಿತು. ಉಳಿದದ್ದರಲ್ಲಿ ಅವನು ಅವಳ ಕಾಲು ತೊಳೆದ, ಆಮೇಲೆ ಅವಳು ತಡವಿ ತಡವಿ ಅವನದು.

ಅವರೂ ಈಗ ಇಲ್ಲ. ನನ್ನ ತಳ ತೂತಾಗಿದೆ, ಮೈ ಹಸಿರುಗಟ್ಟಿದೆ. ರೋಗಿಗಳದು ಎಂದು ಗುಜರಿಯವನೂ ನನ್ನನ್ನು ಮುಟ್ಟದೆ ಹೋದ. ಸೂರು ಹೋದ ಕೊಟ್ಟಿಗೆಯ ಮೂಲೆಯಲ್ಲಿ ಬೋರಲು ಬಿದ್ದಿದ್ದೇನೆ. ಈಗ ನನಗೆ ಯಾರ ಮುಖವೂ ಕಾಣದು. ಮಹಾಂತವ್ವ ಕರೆದವನು ಇದ್ದನೋ ಇಲ್ಲವೋ ನಾನು ಹೇಳಲಾರೆ, ನಾನು ಬರೀ ತಾಮ್ರ. ಅವಳು ಕರೆದದ್ದು ಮಾತ್ರ ಗೊತ್ತು. ಓ ಎಂಬ ದನಿಗಾಗಿ ಅವಳು ಒಂದು ಗಳಿಗೆ ಕೈ ನಿಲ್ಲಿಸಿ ಕಾಯುತ್ತಿದ್ದಳು. ಆಮೇಲೆ ಇನ್ನೊಂದು ಕಾಲನ್ನು ಎತ್ತಿ ನನ್ನೊಳಗೆ ಇಡುತ್ತಿದ್ದಳು.