ದರ್ಶಿನಿ ಯಾಕೆ ಕೈ ಎತ್ತಿದಳು

ಈ ಕಥೆಯನ್ನು ಹಳೇಬೀಡಿನ ಶಿಲಾಬಾಲಿಕೆಯೊಬ್ಬಳಿಂದ ಆರಂಭಿಸಬೇಕೆಂದಿದ್ದೆ. ನಮ್ಮ ಕಡೆಯ ಕಥೆಯೆಂದರೆ ಮೊದಲ ಸಾಲಿನಲ್ಲೇ ಕಲ್ಲು ಮಾತಾಡಬೇಕು. ಇಲ್ಲವಾದರೆ ಪ್ರಶಸ್ತಿ ಸಮಿತಿಯವರು ಪುಟ ತಿರುಗಿಸುವುದಿಲ್ಲ. ಚೆಂಡು ಹಿಡಿದ ಶಿಲಾಬಾಲಿಕೆಯ ಬಗ್ಗೆ ಎರಡು ಪುಟ ಬರೆದೆ. ಓದಿದರೆ ನನಗೇ ಅಸಹ್ಯವಾಯಿತು. ಹರಿದುಹಾಕಿದೆ.

ಆದ್ದರಿಂದ ಓದುಗರೇ, ಕಲ್ಲು ಬಿಟ್ಟು ಕೊಬ್ಬರಿಯಿಂದ ಶುರುಮಾಡೋಣ.

೧

ಅರಸೀಕೆರೆಯ ಒಂದು ಖಾಸಗಿ ಕಾಲೇಜಿನ ಹುಡುಗಿಯರ ತಂಡ ಈ ವರ್ಷ ರಾಷ್ಟ್ರಮಟ್ಟದ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಫೈನಲ್ ತಲುಪಿತು. (ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಡ್ಮಿಶನ್ ಜಾಹೀರಾತಾಗುತ್ತದೆ.) ಅವರ ಸಿಮೆಂಟ್ ಕೋರ್ಟಿನ ತುಂಬ ಆಡಳಿತ ಮಂಡಳಿ ಅಧ್ಯಕ್ಷ ಗಂಗಯ್ಯನವರ ಕೊಬ್ಬರಿ ಒಣಗುತ್ತಿತ್ತು. ಕೊಬ್ಬರಿ ಎತ್ತಿದ ಮೇಲೆ ಅಭ್ಯಾಸ. ಎಣ್ಣೆ ಹತ್ತಿದ ಚೆಂಡು ಕೈಯಿಂದ ಜಾರುತ್ತಿತ್ತು. ಹುಡುಗಿಯರು ಫೈನಲ್ ತಲುಪಿದ ಮೇಲೆ ಗಂಗಯ್ಯನವರು ಪತ್ರಿಕೆಯವರಿಗೆ ಅದನ್ನೇ "ನಮ್ಮ ವಿಶೇಷ ತರಬೇತಿ" ಎಂದು ವಿವರಿಸಿದರು.

ತಂಡದ ನಾಯಕಿ ದಿವ್ಯಶ್ರೀ, ಬಾಣಾವರದವಳು, ಕೊನೆಯ ವರ್ಷದ ವಿದ್ಯಾರ್ಥಿನಿ. ಅವಳ ಹಾಸ್ಟೆಲ್ ಕೋಣೆಯ ಗೆಳತಿ ದರ್ಶಿನಿಯೂ ಅದೇ ತಂಡದವಳು, ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಜೈನರ ಮನೆಯ ಹುಡುಗಿ. ಫೈನಲ್ ನೋಡಲು ಒಂದು ಬ್ಯಾಂಕಿನವರು ಬಂದಿದ್ದರು. ಗೆದ್ದ ತಂಡದ ನಾಯಕಿಗೆ ತಮ್ಮ ತಂಡದಲ್ಲಿ ಜಾಗ, ಜೊತೆಗೆ ಕಾಯಂ ಕೆಲಸ ಎಂದಿದ್ದರು. ಸೋತ ತಂಡದ ನಾಯಕಿಗೆ ಚಪ್ಪಾಳೆ.

೨

ಆಟ ಮುಗಿಯಲು ಕೆಲವೇ ಕ್ಷಣ. ಅರಸೀಕೆರೆ ಒಂದು ಪಾಯಿಂಟ್ ಮುಂದಿತ್ತು. ಚೆಂಡು ಗೆರೆ ದಾಟಿತು. ಅದು ಎದುರಾಳಿಗೆ ತಾಗಿ ಹೋಯಿತೆಂದು ರೆಫರಿ ಅರಸೀಕೆರೆಗೇ ಚೆಂಡು ಕೊಟ್ಟರು. ಆಗ ದರ್ಶಿನಿ ಕೈ ಎತ್ತಿ, ಕೊನೆಗೆ ತಾಗಿದ್ದು ತನ್ನ ಬೆರಳಿಗೆ ಎಂದಳು. ತೀರ್ಪು ಬದಲಾಯಿತು. ಎದುರಾಳಿಗಳು ಚೆಂಡನ್ನು ಬುಟ್ಟಿಗೆ ಹಾಕಿದರು. ಕಪ್ ಹೋಯಿತು.

ಇಲ್ಲಿ ನಾನು ಹೀಗೆ ಬರೆದಿದ್ದೆ: "ಅವಳ ರಕ್ತದಲ್ಲಿ ಹರಿಯುತ್ತಿದ್ದ ಸಾವಿರ ವರ್ಷಗಳ ಸತ್ಯವ್ರತ ಆ ಕೈಯನ್ನು ಎತ್ತಿಸಿತು." ಹೆಮ್ಮೆಯಿಂದ ಬಸ್ಸು ಹತ್ತಿ ಬಸ್ತಿಹಳ್ಳಿಗೆ ಹೋಗಿ, ಅವಳ ಮನೆಯ ಜಗಲಿಯಲ್ಲಿ ಕೂತು ಅವಳಿಗೇ ಓದಿ ಹೇಳಿದೆ.

"ಅದನ್ನ ತೆಗೀರಿ ಸಾರ್," ಎಂದಳು ದರ್ಶಿನಿ.

"ಯಾಕಮ್ಮ? ಚೆನ್ನಾಗಿದೆಯಲ್ಲ."

"ಒಳಗೆ ನಮ್ಮಜ್ಜಿ ರಾಜಮತಿ ಇದಾರೆ. ಅಮ್ಮ ಮಾಡಿದ ಸಾರನ್ನ ತಾನೇ ಮಾಡಿದ್ದು ಅಂತ ಬಂದೋರಿಗೆಲ್ಲ ಹೇಳ್ತಾರೆ. ಯಾವ ಸತ್ಯವ್ರತ?"

"ಕೇಳಿಸ್ತು ಕಣೇ," ಎಂದಿತು ಒಳಗಿನಿಂದ ಒಂದು ದನಿ.

ಸಾಲು ತೆಗೆದೆ. (ತೆಗೆದರೂ ನಿಮಗೆ ಓದಿಸಿಬಿಟ್ಟೆ. ಲೇಖಕರ ಜಾತಿಯೇ ಹೀಗೆ.)

೩

ಸೋತ ದಿನ ಗಂಗಯ್ಯನವರು ಫೋನಿನಲ್ಲಿ "ಯಾವಳವ್ವ ಆ ಪೆದ್ದಿ?" ಎಂದು ಕೇಳಿದ್ದರಂತೆ. ಅಷ್ಟರಲ್ಲಿ ದರ್ಶಿನಿ ಕೈ ಎತ್ತಿದ ವಿಡಿಯೋ ದೇಶವೆಲ್ಲ ಸುತ್ತಿತು. ತಂಡದ ರೈಲು ಕಡೂರು ದಾಟುವ ಹೊತ್ತಿಗೆ ಅರಸೀಕೆರೆ ಸ್ಟೇಷನ್ನಿನ ಮುಂದೆ ಬ್ಯಾಂಡ್‌ಸೆಟ್ ನಿಂತಿತ್ತು. "ಚಾಂಪಿಯನ್ಸ್" ಎಂದು ಮೊದಲೇ ಮುದ್ರಿಸಿದ್ದ ಫ್ಲೆಕ್ಸಿಗೆ "ಸತ್ಯದ" ಎಂಬ ಚೀಟಿ ಅಂಟಿಸಿದ್ದರು. ಫ್ಲೆಕ್ಸ್ ತುಂಬ ಗಂಗಯ್ಯನವರ ಮುಖ. ಹುಡುಗಿಯರದು ಅವರ ಮೀಸೆಯ ಕೆಳಗೆ, ಅಂಚೆಚೀಟಿಯಷ್ಟು.

ರೈಲಿನಲ್ಲಿ ದರ್ಶಿನಿಯೊಂದಿಗೆ ಯಾರೂ ಮಾತಾಡಿರಲಿಲ್ಲ. ದಿವ್ಯಶ್ರೀ ಬಾಣಾವರದಲ್ಲೇ ಬ್ಯಾಗು ಹೆಗಲಿಗೇರಿಸಿ ಇಳಿದುಹೋದಳು, ತಿರುಗಿಯೂ ನೋಡದೆ.

ವೇದಿಕೆಯ ಮೇಲೆ ಗಂಗಯ್ಯನವರು, ಈ ಸಂಸ್ಕಾರ ನಮ್ಮ ಸಂಸ್ಥೆಯದು, ಸೀಟುಗಳು ಇನ್ನೂ ಖಾಲಿ ಇವೆ ಎಂದು ಭಾಷಣ ಮಾಡಿ ದರ್ಶಿನಿಗೆ ಶಾಲು ಹೊದಿಸಿದರು. ನನ್ನ ಕರಡಿನಲ್ಲಿ ಅವಳು ಶಾಲನ್ನು ಅವರ ಮುಖಕ್ಕೆ ಎಸೆದಳು.

"ಎಸೀಲಿಲ್ಲ ಸಾರ್. ಹೊದ್ಕೊಂಡೆ. ಫೋಟೋಗೆ ನಕ್ಕೆ ಕೂಡ."

"ಏನೂ ಹೇಳಲಿಲ್ವಾ?"

"ದಿವ್ಯಶ್ರೀಗೆ ಕಾಲೇಜಲ್ಲಿ ಕೋಚ್ ಕೆಲಸ ಕೊಡಿ ಅಂದೆ. 'ಮೊದ್ಲು ತಿಂಡಿ ತಿನ್ನೋಗಮ್ಮ, ಆಮೇಲೆ ನೋಡಾನ' ಅಂದ್ರು. ಎಲ್ರೂ ನಕ್ಕರು."

೪

ಮರುದಿನವೇ ದರ್ಶಿನಿ ಬಾಣಾವರಕ್ಕೆ ಹೋದಳು. ಅಲ್ಲಿನ ಶಾಲೆಯ ಮೈದಾನದಲ್ಲಿ ಬಲೆಯಿಲ್ಲದ ರಿಂಗಿಗೆ ದಿವ್ಯಶ್ರೀ ಒಬ್ಬಳೇ ಚೆಂಡು ಹಾಕುತ್ತಿದ್ದಳು. ನಾನು ಅಲ್ಲಿರಲಿಲ್ಲ, ಜಗಲಿಯ ಮೇಲೆ ದರ್ಶಿನಿ ಹೇಳಿದಂತೆ ಬರೆಯುತ್ತಿದ್ದೇನೆ.

"ಯಾಕೆ ಕೈ ಎತ್ತಿದೆ?" ಎಂದು ಕೇಳಿದಳು ದಿವ್ಯಶ್ರೀ. "ಸ್ಟೇಜ್ ಮೇಲಿನ ಸಂಸ್ಕಾರದ ಕಥೆ ಬ್ಯಾಡ. ನಿಜ ಹೇಳು."

"ಆ ಟೀಮಿನ ಒಬ್ಳು ನನ್ನ ಬೆರಳನ್ನೇ ನೋಡ್ತಿದ್ಲು. ತಾಗಿದ್ದು ಅವಳಿಗೆ ಗೊತ್ತಿತ್ತು. ಅವಳು ನೋಡದೇ ಇದ್ದಿದ್ರೆ ಸುಮ್ನಿರ್ತಿದ್ನೇನೋ."

"ಅವಳ ಮುಖ ಇನ್ನೊಂದ್ಸಲ ನೋಡ್ತೀಯಾ ಈ ಜನ್ಮದಲ್ಲಿ?"

"ಇಲ್ಲ."

"ನನ್ನ ಮುಖ ದಿನಾ ನೋಡ್ಬೇಕಾಗಿತ್ತಲ್ಲ ಕಣೇ. ಅದು ನೆನಪಾಗ್ಲಿಲ್ವಾ?"

ದರ್ಶಿನಿ ಇಷ್ಟು ಹೇಳಿ ಜಗಲಿಯ ಅಂಚಿಗೆ ಸರಿದು ಕೂತಳು. ನನ್ನ ಬಳಿ ಇದಕ್ಕೊಂದು ಉಪಮೆ ಸಿದ್ಧವಿತ್ತು. ಒಮ್ಮೆಯಾದರೂ ಮರ್ಯಾದೆಯಿಂದ ಇರೋಣವೆಂದು ನುಂಗಿಕೊಂಡೆ.

೫

ಮುಕ್ತಾಯಗಳು ಇವೆ, ಬೇಕಾದವರು ತೆಗೆದುಕೊಳ್ಳಿ. ಗೆಳತಿಯರು ತಬ್ಬಿಕೊಂಡು ಅತ್ತರು: ಇದು ಸಂಪಾದಕರ ಬೇಡಿಕೆ, ವಿಶೇಷಾಂಕಕ್ಕೆ ಒಪ್ಪುತ್ತದಂತೆ. ಗಂಗಯ್ಯನವರು ಮನಕರಗಿ ದಿವ್ಯಶ್ರೀಗೆ ಕೆಲಸ ಕೊಟ್ಟರು: ಇದು ಗಂಗಯ್ಯನವರ ಬೇಡಿಕೆ, ಕೆಲಸ ಕೊಡದೆಯೇ ಹಾಗೆ ಬರೆಯಬೇಕಂತೆ.

"ಆಮೇಲೇನಾಯ್ತಮ್ಮ?" ಎಂದು ದರ್ಶಿನಿಯನ್ನೇ ಕೇಳಿದೆ.

"ಆಡಿದ್ವಿ. ಕತ್ತಲಾಗೋವರ್ಗೂ. ಬೇರೆ ಮಾತಿಲ್ಲ. ಚೆಂಡು ಹೊರಗೆ ಹೋದಾಗೆಲ್ಲ ಅವಳು 'ಯಾರ್ದು?' ಅನ್ನೋಳು. ನಾನು 'ನಿಂದೇ' ಅನ್ನೋಳು."

"ಪ್ರತಿ ಸಲವೂ?"

"ಪ್ರತಿ ಸಲ."

"ನಿಜವಾಗ್ಲೂ ಅವಳದೇ ಆಗಿತ್ತಾ?"

ದರ್ಶಿನಿ ನನ್ನ ಪೆನ್ನನ್ನು ನೋಡಿದಳು.

"ಇದನ್ನೂ ಬರೀತೀರಾ ಸಾರ್?"

"ಬರೀತೀನಿ."

"ಹಂಗಾದ್ರೆ ಹೇಳಲ್ಲ," ಎಂದು ಒಳಗೆ ಹೋದಳು.