ಬೂದುಗೊರಳಿನ ಕೊನೆಯ ತಟ್ಟೆ

ದರ್ಜಿಯ ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಕೈಯಲ್ಲಿ ಉಳಿದದ್ದು ಅವನು ಬೆಳೆಸಿದ ಕೋಳಿಯ ತಳಿಯೊಂದೇ. ಕತ್ತಿನ ಸುತ್ತ ಬೂದಿ ಬಳಿದಂಥ ಗರಿ ಇದ್ದುದರಿಂದ ಅದಕ್ಕೆ ಬೂದುಗೊರಳು ಎಂದು ಹೆಸರಾಗಿತ್ತು. ಎಂಥ ಚಳಿಗೂ ಮೊಟ್ಟೆ ನಿಲ್ಲಿಸದ ಕೋಳಿ. ಮದುವೆಯ ಹೊಸತರಲ್ಲಿ ಗಂಡ ಹೆಂಡತಿ ಹಿಡಿದ ಕೆಲಸ ತಲೆ ನರೆತ ಮೇಲೆ ಕೈಗೂಡಿತ್ತು. ಬೇರೆ ಯಾರ ಬಳಿಯೂ ಆ ತಳಿ ಇರಲಿಲ್ಲ. ಈ ಚಳಿಗಾಲದಲ್ಲಿ ರೋಗ ಬಂದು ಗೂಡುಗಳೆಲ್ಲ ಬರಿದಾದವು. ಕಾವಿನ ಯಂತ್ರದೊಳಗೆ ಇಟ್ಟಿದ್ದ ಒಂದು ತಟ್ಟೆ ಮೊಟ್ಟೆ ಮಾತ್ರ ಉಳಿಯಿತು. ಅವು ಒಡೆದು ಮರಿಯಾದರೆ ತಳಿ ಉಂಟು, ಇಲ್ಲದಿದ್ದರೆ ಇಲ್ಲ.

ಕಾವಿನ ಕೋಣೆ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ಮಾರುಕಟ್ಟೆಯ ಹಿಂದೆ. ಕಾವು ಇಳಿದರೆ ಗೋಡೆಯ ಮೇಲಿನ ಅಲಾರಂ ಪೆಟ್ಟಿಗೆ ಮನೆಗೆ ಫೋನು ಮಾಡುತ್ತಿತ್ತು. ಆ ಹಳೆಯ ಪೆಟ್ಟಿಗೆಗೆ ಗೊತ್ತಿದ್ದದ್ದು ಮನೆಯ ನಂಬರೊಂದೇ. ತಂತಿಯ ಫೋನು ನಿಲ್ಲುತ್ತದೆಂದು ತಿಳಿದಾಗ ಎರಡು ಕಡೆಗೂ ಇಂಟರ್ನೆಟ್ ಫೋನು ಹಾಕಿಸಿದವನು ಮೈದುನ ದರ್ಜಿಯೇ.

"ನೂಲು ಬಿಟ್ಟು ತಂತಿಗೆ ಕೈ ಹಾಕಿದ್ದೀಯ. ಸರಿಯಾಗಿ ಹೊಲಿದಿದ್ದೀಯ ತಾನೆ?" ಎಂದಿದ್ದಳು ಅತ್ತಿಗೆ.

"ಹೊಲಿಗೆ ಬಿಚ್ಚಿದ್ರೆ ಕೂಲಿ ವಾಪಸ್ಸು, ಅತ್ತಿಗೆ."

ಪರೀಕ್ಷೆಗೆಂದು ಯಂತ್ರದ ಬಾಗಿಲು ತುಸು ತೆರೆದಿಟ್ಟ. ಮನೆಯಲ್ಲಿ ಫೋನು ಗಣಗಣ ಹೊಡೆದುಕೊಂಡಿತು. ಲೈನು ಹಾಕಿದವನು ಹೊರಡುವ ಮುಂಚೆ ಹೇಳಿದ: "ಹಳೇ ತಂತಿಗೆ ಎಕ್ಸ್‌ಚೇಂಜಿಂದಲೇ ಕರೆಂಟು ಬರ್ತಿತ್ತು. ಇದಕ್ಕೆ ನಿಮ್ಮ ಕರೆಂಟೇ ಬೇಕು. ಒಂದು ಬ್ಯಾಟರಿ ಇಡಿ." ದರ್ಜಿ ಅಂದೇ ಬ್ಯಾಟರಿ ತಂದು ಅತ್ತಿಗೆಯ ಮಂಚದ ಪಕ್ಕದ ಫೋನಿಗೆ ಜೋಡಿಸಿದ. ಹೊಡೆದುಕೊಳ್ಳಬೇಕಾದ್ದು ಅದೇ ಅಲ್ಲವೇ, ಕೇಳಬೇಕಾದವಳು ಅವಳೇ ಅಲ್ಲವೇ ಎಂಬುದು ಅವನ ಲೆಕ್ಕ.

ಮರಿ ಒಡೆಯುವ ದಿನ ಹತ್ತಿರವಾದಾಗ ಅತ್ತಿಗೆಗೆ ಜ್ವರ ಬಂತು. ಹೊರಗೆ ಮೂಳೆ ಕೊರೆಯುವ ಗಾಳಿ. ಅಷ್ಟರಲ್ಲೂ ಅವಳು ಬೆಳಿಗ್ಗೆಯೇ ಎದ್ದು ಕಾವಿನ ಕೋಣೆಗೆ ಹೋಗಲು ಶಾಲು ಹುಡುಕುತ್ತಿದ್ದಳು.

"ಎಲ್ಲಿಗೆ ಹೊರಟ್ರಿ?" ಎಂದು ದರ್ಜಿ ಅಡ್ಡ ನಿಂತ. "ಫೋನಿದೆಯಲ್ಲ, ಏನಾದ್ರೂ ಆದ್ರೆ ಅದೇ ಕೂಗುತ್ತೆ. ನೀವು ಹಾಸಿಗೆ ಹಿಡಿದ್ರೆ ಮರಿಗಳಿಗೆ ಕಾಳು ಹಾಕೋರು ಯಾರು?"

"ನೀನಿದ್ದೀಯಲ್ಲ, ಅಂಗಿ ಹೊಲಿದು ಹಾಕು," ಎಂದು ನಕ್ಕು ಮಲಗಿದಳು.

ದರ್ಜಿ ಅಂಗಡಿಗೆ ಹೋಗದೆ ಅವಳ ಕಾಲ ಬಳಿ ಕುಳಿತು ಅಂಗಿಗಳಿಗೆ ಗುಂಡಿ ಹಾಕಿದ. ಫೋನಿನ ದೀಪ ಉರಿಯುತ್ತಿತ್ತು, ಫೋನು ಸುಮ್ಮನಿತ್ತು. ಮಧ್ಯಾಹ್ನ ಅತ್ತಿಗೆ ಕಣ್ಣು ತೆರೆದು ಅದನ್ನು ನೋಡಿದಳು. "ದೇವರು ದೊಡ್ಡವನು ಕಣೋ," ಎಂದು ಕೈ ಮುಗಿದಳು. ಅವನೂ ಸೂಜಿ ಕೆಳಗಿಟ್ಟು ಕೈ ಮುಗಿದ.

ಸಂಜೆ ಯಂತ್ರಕ್ಕೆ ನೀರು ತುಂಬಲು ದರ್ಜಿ ಹೋದರೆ ಮಾರುಕಟ್ಟೆಯ ಕಡೆ ಒಂದು ದೀಪವೂ ಇರಲಿಲ್ಲ. ಪಕ್ಕದ ಬೀಗದಂಗಡಿಯವನು ಮೇಣದ ಬತ್ತಿ ಹಚ್ಚುತ್ತಿದ್ದ. "ನಾನು ಬಾಗಿಲು ತೆಗೆಯೋಕೂ ಮುಂಚೆನೇ ಹೋಗಿದೆ ಮಾರಾಯ. ಗಾಳಿಗೆ ಕಂಬ ಬಿತ್ತಂತೆ," ಎಂದ.

ದರ್ಜಿ ಬೀಗ ತೆಗೆದು ಒಳಗೆ ನುಗ್ಗಿದ. ಕೋಣೆಯೊಳಗೆ ಅಲಾರಂ ಪೆಟ್ಟಿಗೆ ತನ್ನದೇ ಬ್ಯಾಟರಿಯ ಬಲದಿಂದ ಕೆಂಪಗೆ ಮಿನುಗುತ್ತ ಮತ್ತೆ ಮತ್ತೆ ಮನೆಯ ನಂಬರು ಒತ್ತುತ್ತಿತ್ತು. ಅದರ ಕೆಳಗೆ, ಕರೆಯನ್ನು ಮನೆಗೆ ದಾಟಿಸಬೇಕಾದ ಇಂಟರ್ನೆಟ್ ಡಬ್ಬಿ ಮಾತ್ರ ಕರೆಂಟಿಲ್ಲದೆ ಕುಳಿತಿತ್ತು. ಕೂಗುವವನ ಬಾಯಿ ಕಟ್ಟಿ, ಕೇಳುವವಳ ಕಿವಿಯ ಬಳಿ ದೀಪ ಹಚ್ಚಿಟ್ಟು ಬಂದಿದ್ದೆನೆಂದು ಅವನಿಗೆ ಆಗ ತಿಳಿಯಿತು. ಮೊಟ್ಟೆಗಳು ಹೊಳೆಯ ಕಲ್ಲಿನಂತೆ ತಣ್ಣಗಿದ್ದವು. ಹೊಲಿಯಲು ಬಂದಿದ್ದ ಯಾರದೋ ಉಣ್ಣೆಯ ಕೋಟು ಅವನ ಅಂಗಡಿಯಲ್ಲಿತ್ತು. ಮೊಟ್ಟೆಗಳನ್ನು ಅದರಲ್ಲಿ ಸುತ್ತಿ ಮನೆಗೆ ತಂದ.

ಅತ್ತಿಗೆ ಕೋಟು ಬಿಚ್ಚಿ ಮೊಟ್ಟೆಗಳನ್ನು ಮುಟ್ಟಿ ನೋಡಿದಳು. ಎದ್ದು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಒಂದು ಮೊಟ್ಟೆಯನ್ನು ತೇಲಬಿಟ್ಟಳು. ಒಳಗೆ ಜೀವವಿದ್ದರೆ ಮೊಟ್ಟೆ ತಾನಾಗಿ ಮಿಸುಕುತ್ತದೆ.

"ಬಯ್ಯಿರಿ ಅತ್ತಿಗೆ. ಬ್ಯಾಟರಿ ಅಲ್ಲಿಡಬೇಕಿತ್ತು. ನಾನು ಇಲ್ಲಿಟ್ಟೆ."

"ಬೈದ್ರೆ ಮರಿ ಹುಟ್ಟುತ್ತೇನೋ? ಸುಮ್ನಿರು, ನೀರು ನೋಡು."

ನೀರು ನಡುಗಿತು. "ಅಲುಗಾಡ್ತು! ನೋಡಿ, ಅಲುಗಾಡ್ತು!"

"ನಿನ್ನ ಮೊಣಕಾಲು ತಾಗ್ತಿದೆ. ಹಿಂದೆ ಸರಿ."

ಅವನು ಸರಿದ. ನೀರು ನಿಂತಿತು, ಮೊಟ್ಟೆಯೂ ನಿಂತಿತು. ಅವಳು ಅದನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈ ಚಾಚಿದಳು. ಹೀಗೆ ಇಡೀ ತಟ್ಟೆ ಮುಗಿಯಿತು. ಯಾವುದೂ ಮಿಸುಕಲಿಲ್ಲ. ಅತ್ತಿಗೆಯ ತುಟಿಗಳು ದೇವರ ಹೆಸರು ಹೇಳುತ್ತಿದ್ದವು, ಆದರೆ ದನಿ ಹೊರಡುತ್ತಿರಲಿಲ್ಲ.

"ನೀರು ಆರಿತು," ಎಂದಳು ಕೊನೆಗೆ. "ಇನ್ನೊಂದು ಸಲ ಕಾಯಿಸು. ಮೊದಲಿಂದ ನೋಡೋಣ."

ನೋಡುವುದಕ್ಕೇನೂ ಉಳಿದಿಲ್ಲವೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವನು ಬೋಗುಣಿ ಎತ್ತಿಕೊಂಡು ಒಲೆಯ ಕಡೆ ನಡೆದ.